ಈವ್ ಡಲ್ಲಾಸ್ ಕಾದಂಬರಿಗಳು 60ಕ್ಕೂ ಜಾಸ್ತಿ ಇವೆ, ಯಾವುದರಿಂದ ಶುರು ಮಾಡೋದು?

ಕಳೆದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಇದೇ ಪ್ರಶ್ನೆ ಕೇಳಿದರು. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿರುವ ನಾದಿನಿ, ಮಂಡ್ಯದ ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಗೆಳತಿ, ಆಮೇಲೆ ನಮ್ಮ ಕೆಳಗಿನ ಮನೆಯ ಆಂಟಿ. "ಆ ಪೊಲೀಸ್ ಹೆಂಗಸಿನ ಕಥೆ ಓದ್ತಾ ಇರ್ತೀಯಲ್ಲ, ನನಗೂ ಒಂದು ಕೊಡಮ್ಮ" ಅಂದರು ಆಂಟಿ. ಕೊಡೋಕೆ ಖುಷಿಯೇ. ಆದರೆ ಮೂರು ಜನಕ್ಕೂ ಒಂದೇ ಪುಸ್ತಕ ಕೊಟ್ಟರೆ ಆಗಲ್ಲ. ಈ ಪಾಠ ನಾನು ಒಂದು ಸಲ ಕಲಿತಿದ್ದೇನೆ. ಎರಡು ವರ್ಷದ ಹಿಂದೆ ಇದೇ ಗೆಳತಿಗೆ ನನಗೆ ತುಂಬ ಇಷ್ಟವಾದದ್ದನ್ನೇ ಮೊದಲು ಕೊಟ್ಟಿದ್ದೆ. ಒಂದು ವಾರಕ್ಕೆ ವಾಪಸ್ ಬಂತು. "ಯಾರಿಗೆ ಯಾರ ಮೇಲೆ ಯಾಕೆ ಸಿಟ್ಟು ಅಂತಾನೇ ಗೊತ್ತಾಗಲಿಲ್ಲ ಕಣೇ" ಅಂದಳು. ಪುಸ್ತಕದಲ್ಲಿ ತಪ್ಪಿರಲಿಲ್ಲ, ಅವಳಲ್ಲೂ ಇರಲಿಲ್ಲ. ಮದುವೆಯಾಗಿ ಒಂದು ವರ್ಷ ಆದ ಮೇಲಿನ ದೊಡ್ಡ ಜಗಳವನ್ನು, ಆ ಗಂಡ ಹೆಂಡತಿ ಯಾರು ಅಂತಲೇ ಗೊತ್ತಿಲ್ಲದವರ ಕೈಗೆ ಕೊಟ್ಟಿದ್ದೆ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ಬರೆದವರು ಜೆ.ಡಿ. ರಾಬ್. ಅದು ಪ್ರೇಮ ಕಾದಂಬರಿಗಳಿಂದ ಹೆಸರಾದ ನೋರಾ ರಾಬರ್ಟ್ಸ್ ಅವರೇ ಇಟ್ಟುಕೊಂಡ ಇನ್ನೊಂದು ಹೆಸರು. ಜೇಸನ್, ಡ್ಯಾನ್ ಅಂತ ಅವರಿಗೆ ಇಬ್ಬರು ಗಂಡುಮಕ್ಕಳು, ಆ ಎರಡು ಹೆಸರಿನ ಮೊದಲ ಅಕ್ಷರಗಳೇ ಜೆ.ಡಿ. ಮೊದಲ ಪುಸ್ತಕ ಬಂದದ್ದು 1995ರಲ್ಲಿ. ಆಮೇಲೆ ಹೆಚ್ಚುಕಮ್ಮಿ ವರ್ಷಕ್ಕೆ ಎರಡರ ಹಾಗೆ ಬಂದು 2025ರ ಹೊತ್ತಿಗೆ 60 ದಾಟಿದೆ. ಒಂದೆರಡು ಬಿಟ್ಟರೆ ಎಲ್ಲದರ ಹೆಸರೂ 'ಇನ್ ಡೆತ್' ಅಂತಲೇ ಮುಗಿಯುತ್ತದೆ. ಅಂಗಡಿಯಲ್ಲಿ ನಿಂತು ಆರಿಸುವವರಿಗೆ ಗೊಂದಲ ಶುರುವಾಗುವುದೇ ಅಲ್ಲಿ.

ಕಥೆ ನಡೆಯುವುದು 2058ರಿಂದ ಆಚೆಯ ನ್ಯೂಯಾರ್ಕ್‌ನಲ್ಲಿ. ಈವ್ ಡಲ್ಲಾಸ್ ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ಕೊಲೆ ಕೇಸುಗಳನ್ನು ನೋಡುವ ಲೆಫ್ಟಿನೆಂಟ್. ಎಂಟು ವರ್ಷದವಳಿದ್ದಾಗ ಟೆಕ್ಸಸ್‌ನ ಡಲ್ಲಾಸ್ ಊರಿನ ಒಂದು ಗಲ್ಲಿಯಲ್ಲಿ ಮೈತುಂಬ ಗಾಯಗಳೊಂದಿಗೆ ಸಿಕ್ಕಿದ ಹುಡುಗಿ. ಹೆಸರೂ ನೆನಪಿರಲಿಲ್ಲ. ಊರಿನ ಹೆಸರನ್ನೇ ಅವಳಿಗೆ ಇಟ್ಟರು. ಗಂಡ ರೋರ್ಕ್ ಐರ್ಲೆಂಡಿನವನು. ಡಬ್ಲಿನ್‌ನ ಬೀದಿಗಳಲ್ಲಿ ಅಪ್ಪನ ಕೈಯಲ್ಲಿ ಹೊಡೆತ ತಿಂದು, ಕಳ್ಳತನ ಮಾಡಿ ಬೆಳೆದವನು, ಈಗ ಲೆಕ್ಕವಿಲ್ಲದಷ್ಟು ಕಂಪನಿಗಳ ಒಡೆಯ. ಅವಳು ಕಾನೂನನ್ನು ಉಸಿರು ಅಂದುಕೊಂಡವಳು. ಅವನಿಗೆ ಕಾನೂನಿನ ಸಂದುಗೊಂದು ಎಲ್ಲ ಗೊತ್ತು. ಇಂಥ ಇಬ್ಬರು ಮದುವೆಯಾದರೆ ಏನಾಗುತ್ತದೆ ಅನ್ನೋದೇ ಈ ಸರಣಿ.

ನನ್ನ ಮಾತು ಇಷ್ಟೇ. ಕೊಲೆ ಮಾಡಿದ್ದು ಯಾರು ಅನ್ನೋದು ಆಯಾ ಪುಸ್ತಕದ ಕೊನೆಗೆ ಗೊತ್ತಾಗಿಬಿಡುತ್ತದೆ. ಈ ಇಬ್ಬರು ಬಾಳುವೆ ಮಾಡಲು ಹೇಗೆ ಕಲಿಯುತ್ತಾರೆ ಅನ್ನೋದು ಒಂದು ಪುಸ್ತಕದಲ್ಲಿ ಮುಗಿಯಲ್ಲ. ಮೂವತ್ತು ವರ್ಷದಿಂದ ಪುಸ್ತಕಗಳು ಬರುತ್ತಿದ್ದರೂ ಕಥೆಯೊಳಗೆ ಕಳೆದಿರುವುದು ಮೂರು ಚಿಲ್ಲರೆ ವರ್ಷ ಮಾತ್ರ. ಅವರಿನ್ನೂ ಹೊಸ ದಂಪತಿ. ಅದಕ್ಕೇ ಪುಸ್ತಕ ಆರಿಸುವಾಗ ಹಿಂದಿನ ಹೊದಿಕೆಯಲ್ಲಿರುವ ಕೊಲೆಯ ವಿವರ ಓದಿ ಆರಿಸಬೇಡಿ. ಮದುವೆ ಯಾವ ಹಂತದಲ್ಲಿದೆ ನೋಡಿ ಆರಿಸಿ.

ಮೊದಲ ಮೂರನ್ನೂ ಓದುವ ತಾಳ್ಮೆ ಇದ್ದರೆ

ಹಾಗಿದ್ದರೆ ಬೇರೆ ಯೋಚನೆಯೇ ಬೇಡ. 'ನೇಕೆಡ್ ಇನ್ ಡೆತ್', 'ಗ್ಲೋರಿ ಇನ್ ಡೆತ್', 'ಇಮ್ಮಾರ್ಟಲ್ ಇನ್ ಡೆತ್' ಇದೇ ಕ್ರಮದಲ್ಲಿ ಓದಿ. ಮೊದಲ ಎರಡು 1995ರವು, ಮೂರನೆಯದು 1996ರದು. ಈ ಮೂರೂ ಸೇರಿ ಒಂದೇ ದೊಡ್ಡ ಕಥೆಯ ಹಾಗಿವೆ. ಮೊದಲನೆಯದರಲ್ಲಿ ರೋರ್ಕ್ ಕೊಲೆಯ ಆರೋಪ ಹೊರುವ ಸ್ಥಿತಿಯಲ್ಲಿದ್ದಾನೆ. ಆಗ ಬಂದೂಕುಗಳಿಗೆ ನಿಷೇಧ ಬಂದು ಎಷ್ಟೋ ಕಾಲವಾಗಿರುತ್ತದೆ. ಕೊಲೆಯಾದದ್ದು ಮಾತ್ರ ಹಳೇ ಕಾಲದ ಬಂದೂಕಿನಿಂದ, ಅಂಥ ಆಯುಧಗಳನ್ನು ಸಂಗ್ರಹಿಸಿ ಇಟ್ಟುಕೊಂಡಿರುವವನು ಇವನು. ತನಿಖೆ ಮಾಡುವವಳಿಗೆ ಅವನ ಮೇಲೆ ಮನಸ್ಸು ಬೀಳುತ್ತದೆ. ಎರಡನೆಯದರಲ್ಲಿ ಒಂದೇ ಮನೆಯಲ್ಲಿ ಇರಬೇಕೋ ಬೇಡವೋ ಅನ್ನೋ ಹಗ್ಗಜಗ್ಗಾಟ. ಮೂರನೆಯದರ ಕೊನೆಗೆ ಮದುವೆ.

ಈ ಮೊದಲ ಪುಸ್ತಕದಲ್ಲಿ ನನಗೆ ಮರೆಯಲಾಗದ ವಿಷಯ ಒಂದು ಗುಂಡಿ. ಇಬ್ಬರೂ ಮೊದಲ ಸಲ ಎದುರಾಗುವುದು ಕೊಲೆಯಾದವಳ ಅಂತ್ಯಕ್ರಿಯೆಯಲ್ಲಿ. ಈವ್ ಹಾಕಿಕೊಂಡಿದ್ದ ಬೂದು ಬಣ್ಣದ ಕೋಟಿನಿಂದ ಒಂದು ಗುಂಡಿ ಬಿದ್ದುಹೋಗುತ್ತದೆ. ರೋರ್ಕ್ ಅದನ್ನು ಎತ್ತಿ ಇಟ್ಟುಕೊಳ್ಳುತ್ತಾನೆ. ಎಷ್ಟೋ ಪುಸ್ತಕಗಳಾದ ಮೇಲೂ ಅದು ಅವನ ಜೇಬಿನಲ್ಲೇ ಇರುತ್ತದೆ, ಯೋಚನೆ ಮಾಡುವಾಗ ಬೆರಳಲ್ಲಿ ಆಡಿಸುತ್ತಾನೆ. ಮುಂದಿನ ಪುಸ್ತಕದಿಂದ ಶುರು ಮಾಡಿದವರಿಗೆ ಅದು ಸುಮ್ನೆ ಒಂದು ಗುಂಡಿ. ಮೊದಲಿನಿಂದ ಓದಿದವರಿಗೆ ಹಾಗಲ್ಲ.

ಇನ್ನೊಂದು ಕಾಫಿ. ನಮ್ಮ ಮೈಸೂರಿನವರಿಗೆ ಇದನ್ನು ಹೇಳಲೇಬೇಕು. ಆ ಕಾಲದಲ್ಲಿ ನಿಜವಾದ ಕಾಫಿ ಬೀಜದ ಕಾಫಿ ಸಾಮಾನ್ಯರಿಗೆ ಸಿಗಲ್ಲ, ಸೋಯಾದಿಂದ ಮಾಡಿದ್ದನ್ನೇ ಕುಡಿಯಬೇಕು. ರೋರ್ಕ್ ಹತ್ತಿರ ಅಸಲಿ ಕಾಫಿ ಇದೆ. ಅವಳನ್ನು ಒಲಿಸಿಕೊಳ್ಳಲು ಅವನು ಕಳಿಸುವುದು ಹೂವಲ್ಲ, ಕಾಫಿ. ಬೆಳಿಗ್ಗೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ತನಕ ಬಾಗಿಲ ಹತ್ತಿರ ಕಾದು ನಿಲ್ಲುವ ಮನೆಯಲ್ಲಿ ಬೆಳೆದ ನನಗೆ, ಈ ಒಂದು ಪ್ರಸಂಗಕ್ಕೇ ಆ ಮನುಷ್ಯ ಇಷ್ಟವಾಗಿಬಿಟ್ಟ.

ಕೊರತೆಯೂ ಇದೆ. ಮೊದಲನೆಯದರಲ್ಲಿ ರೋರ್ಕ್‌ನದು ಸ್ವಲ್ಪ ದಬ್ಬಾಳಿಕೆ ಅನ್ನಿಸುತ್ತದೆ. ಹೇಳದೆ ಕೇಳದೆ ಅವಳ ಮನೆಯೊಳಗೆ ಬಂದು ನಿಲ್ಲುವುದು ಇವತ್ತಿನ ಹುಡುಗಿಯರಿಗೆ ಹಿಡಿಸಲ್ಲ, ನಾದಿನಿ ಇದನ್ನು ಮೊದಲ ದಿನವೇ ಹೇಳಿದಳು, ಅವಳು ಹೇಳಿದ್ದು ಸರಿ. ಮುಂದೆ ಈವ್ ಅದನ್ನೆಲ್ಲ ಎದುರು ನಿಂತು ಕೇಳುತ್ತಾಳೆ, ಅವನೂ ಬದಲಾಗುತ್ತಾನೆ. ಆದರೆ ಆ ಬದಲಾವಣೆ ಕಾಣಬೇಕಾದರೆ ಓದುತ್ತಾ ಹೋಗಬೇಕು. ಎಂಟು ಹತ್ತು ದಿನ ಬಿಡುವಿರುವವರಿಗೆ, ಮೈಸೂರು ಮಂಡ್ಯ ರೈಲಿನಲ್ಲಿ ದಿನಾ ಓಡಾಡುವವರಿಗೆ ಈ ಮೂರು ಸರಿ. ನಾನು ಓದಿದ್ದೂ ಹಾಗೇ. ನಾಗನಹಳ್ಳಿಯಲ್ಲಿ ಪುಸ್ತಕ ತೆರೆದರೆ ಯಲಿಯೂರು ಬರುವ ಹೊತ್ತಿಗೆ ಒಂದು ಅಧ್ಯಾಯ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗ ಮಾತ್ರ ತಲೆ ಎತ್ತಿ ನೋಡುತ್ತಿದ್ದೆ.

ಒಂದೇ ಒಂದು ಓದ್ತೀನಿ ಅನ್ನುವವರಿಗೆ

'ಸರ್ವೈವರ್ ಇನ್ ಡೆತ್', 2005ರದು. ನನ್ನನ್ನು ಕೇಳಿದರೆ ಇದಕ್ಕೆ ಸಮ ಇಲ್ಲ.

ರಾತ್ರಿ ಎಲ್ಲರೂ ಮಲಗಿರುವಾಗ ಒಂದು ಸಾಮಾನ್ಯ ಕುಟುಂಬವನ್ನು ಇಬ್ಬರು ಬಂದು ಕೊಂದು ಹೋಗುತ್ತಾರೆ. ಕಿರುಚಾಟವಿಲ್ಲ, ಕಳ್ಳತನವಿಲ್ಲ. ಒಂಬತ್ತು ವರ್ಷದ ನಿಕ್ಸಿ ಅನ್ನೋ ಹುಡುಗಿ ಮಾತ್ರ ಉಳಿಯುತ್ತಾಳೆ. ಯಾಕೆ ಗೊತ್ತಾ? ಕುಡಿಯೋಕೆ ಏನಾದರೂ ತರೋಣ ಅಂತ ಅಮ್ಮನಿಗೆ ಗೊತ್ತಾಗದ ಹಾಗೆ ಅಡುಗೆಮನೆಗೆ ಹೋಗಿರುತ್ತಾಳೆ. ಕದ್ದು ಎದ್ದು ಹೋದದ್ದಕ್ಕೆ ಬದುಕಿದ ಮಗು. ಈವ್ ಅವಳನ್ನು ತನ್ನ ಮನೆಗೇ ಕರೆದುಕೊಂಡು ಬರುತ್ತಾಳೆ. ಮಕ್ಕಳ ಹತ್ತಿರ ಹೇಗೆ ಮಾತಾಡಬೇಕು ಅಂತ ಗೊತ್ತಿಲ್ಲದ ಗಂಡ ಹೆಂಡತಿ ಇಬ್ಬರು, ಬಾಲ್ಯವೇ ಇಲ್ಲದೆ ಬೆಳೆದವರು, ಮನೆಯಲ್ಲಿ ಒಂದು ಮಗು.

ಇದನ್ನು ಒಂದೇ ಪುಸ್ತಕವಾಗಿ ಓದಿದರೂ ಏನೂ ಅರ್ಥವಾಗದೆ ಉಳಿಯಲ್ಲ. ಈವ್‌ಗೆ ಬಾಲ್ಯದಲ್ಲಿ ಏನಾಯಿತು ಅನ್ನೋದು ನಿಕ್ಸಿಯ ಜೊತೆಗಿನ ಮಾತಿನಲ್ಲೇ ಹೊರಗೆ ಬರುತ್ತದೆ. ರೋರ್ಕ್ ಎಂಥ ಗಂಡ ಅನ್ನೋದೂ ಗೊತ್ತಾಗುತ್ತದೆ. ಪತ್ತೇದಾರಿಕೆ ಗಟ್ಟಿಯಾಗಿದೆ, ಇಷ್ಟು ಸಾಮಾನ್ಯ ಜನರನ್ನು ಯಾಕೆ ಕೊಂದರು ಅನ್ನೋದನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಆದರೆ ಪುಟ್ಟ ಮಕ್ಕಳಿರುವ ಮನೆಯವರು ಮೊದಲ ಅಧ್ಯಾಯ ರಾತ್ರಿ ಒಬ್ಬರೇ ಓದಬೇಡಿ. ನಾನು ಓದಿ, ಎದ್ದು ಹೋಗಿ, ಮಗಳ ಪಕ್ಕದಲ್ಲಿ ಮಲಗಿದೆ.

ಮದುವೆಯ ಕಥೆಯೇ ಬೇಕು ಅಂದರೆ

ಇಲ್ಲಿ ಮೂರು ಪುಸ್ತಕ ಎದುರುಬದುರು ಇಟ್ಟು ನೋಡಬೇಕು. 1999ರ 'ಕಾನ್‌ಸ್ಪಿರಸಿ ಇನ್ ಡೆತ್', 2003ರ 'ಪೋರ್ಟ್ರೇಟ್ ಇನ್ ಡೆತ್', 2004ರ 'ಡಿವೈಡೆಡ್ ಇನ್ ಡೆತ್'.

ಮೊದಲನೆಯದರಲ್ಲಿ ಬೀದಿಯಲ್ಲಿ ಮಲಗುವ ಅನಾಥರ ದೇಹದಿಂದ ಯಾರೋ ನುರಿತ ಕೈಯವರು ಅಂಗಾಂಗ ತೆಗೆಯುತ್ತಿದ್ದಾರೆ. ತನಿಖೆ ನಡೆಯುತ್ತಿರುವಾಗಲೇ ಈವ್‌ಳ ಬ್ಯಾಡ್ಜ್ ಕಿತ್ತುಕೊಳ್ಳುತ್ತಾರೆ. ಕೆಲಸವೇ ತನ್ನ ಹೆಸರು, ಕುಲ, ಗೋತ್ರ ಎಲ್ಲ ಅಂದುಕೊಂಡವಳಿಂದ ಕೆಲಸ ಕಿತ್ತುಕೊಂಡರೆ ಅವಳು ಏನಾಗುತ್ತಾಳೆ, ಆಗ ಗಂಡ ಏನು ಮಾಡಬೇಕು? ನೌಕರಿಗೆ ಹೋಗುವ ಹೆಂಗಸರಿಗೆ ಈ ಪುಸ್ತಕ ಬೇರೆಯೇ ಥರ ತಟ್ಟುತ್ತದೆ. ನನಗೆ ತಟ್ಟಿತು.

ಎರಡನೆಯದರಲ್ಲಿ ಕುಸಿಯುವ ಸರದಿ ಗಂಡನದು. ತನ್ನ ಹೆತ್ತ ತಾಯಿ ಯಾರು ಅಂತ ಇಷ್ಟು ವರ್ಷ ತಿಳಿದಿದ್ದದ್ದೇ ಸುಳ್ಳು ಅಂತ ರೋರ್ಕ್‌ಗೆ ಗೊತ್ತಾಗುತ್ತದೆ. ಅವನು ಅದನ್ನು ಹೆಂಡತಿಗೆ ಹೇಳಲ್ಲ. ನುಂಗಿಕೊಂಡು ಓಡಾಡುತ್ತಾನೆ, ಸಿಡುಕುತ್ತಾನೆ, ಕೊನೆಗೆ ಐರ್ಲೆಂಡಿಗೆ ಹೊರಟುಬಿಡುತ್ತಾನೆ. ಅತ್ತ ಯುವಕ ಯುವತಿಯರ ಚಂದದ ಫೋಟೋ ತೆಗೆದು ಕೊಲ್ಲುವವನನ್ನು ಈವ್ ಹುಡುಕುತ್ತಿದ್ದಾಳೆ. ಎರಡೂ ಕಡೆ ಎಳೆದಾಟ. ನಮ್ಮ ಮನೆಗಳಲ್ಲಿ ಗಂಡಸರು ದುಃಖವನ್ನು ಸಿಟ್ಟು ಮಾಡಿಕೊಂಡು ಓಡಾಡುವುದನ್ನು ನಾವು ನೋಡಿಲ್ವಾ? ಅದನ್ನು ಇಷ್ಟು ಸರಿಯಾಗಿ ಬರೆದ ಪತ್ತೇದಾರಿ ಕಾದಂಬರಿ ನಾನು ಬೇರೆ ಓದಿಲ್ಲ. ಹೆಂಡತಿಗೆ ಸಮಾಧಾನ ಮಾಡಲು ಬರಲ್ಲ, ಮಾತು ಜೋಡಿಸಲು ಬರಲ್ಲ, ಆದರೂ ಅವನ ಬೆನ್ನು ಹತ್ತಿ ಹೋಗುತ್ತಾಳೆ. ಆ ಐರ್ಲೆಂಡಿನ ಹಳ್ಳಿಯ ಪುಟಗಳನ್ನು ನಾನು ಮೂರು ಸಲ ಓದಿದ್ದೇನೆ.

ಮೂರನೆಯದು 'ಡಿವೈಡೆಡ್'. ಗೆಳತಿಗೆ ಕೊಟ್ಟು ವಾಪಸ್ ಬಂದದ್ದು ಇದೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ, ಇದರಲ್ಲಿ ಉಂಡರೂ ಮಲಗಿದರೂ ಜಗಳ ಮುಗಿಯಲ್ಲ. ಈವ್ ಚಿಕ್ಕವಳಿದ್ದಾಗ ಅವಳ ಮೇಲೆ ನಡೆಯುತ್ತಿದ್ದ ಹಿಂಸೆ ಸರ್ಕಾರದ ಒಂದು ಗುಪ್ತಚರ ಸಂಸ್ಥೆಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದರು ಅಂತ ರೋರ್ಕ್‌ಗೆ ತಿಳಿಯುತ್ತದೆ. ಅವನು ಸೇಡು ತೀರಿಸಿಕೊಳ್ಳಲು ಹೊರಡುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಪೊಲೀಸಳಾಗಿ ಅವಳು ಅದನ್ನು ಒಪ್ಪುವಂತಿಲ್ಲ, ಪ್ರೀತಿಸುವವನಾಗಿ ಅವನು ಬಿಡುವಂತಿಲ್ಲ. ಇಬ್ಬರದೂ ಸರಿ. ಅದಕ್ಕೇ ಓದಲು ಸಂಕಟ. ಮೊದಲ ಮೂರು, ಆಮೇಲೆ 'ಪೋರ್ಟ್ರೇಟ್', ಅದಾದ ಮೇಲೆ ಇದು. ಈ ದಾರಿ ಬಿಟ್ಟು ಇದಕ್ಕೆ ನೇರವಾಗಿ ಬರಬೇಡಿ. ಇದೇ ಮಾತು 2007ರ 'ಇನ್ನೊಸೆಂಟ್ ಇನ್ ಡೆತ್'ಗೂ. ಅದರಲ್ಲಿ ರೋರ್ಕ್‌ನ ಹಳೇ ಗೆಳತಿ ಬರುತ್ತಾಳೆ, ಈವ್ ಮೊದಲ ಸಲ ಹೊಟ್ಟೆಕಿಚ್ಚಿನಿಂದ ಬೇಯುತ್ತಾಳೆ. 2011ರ 'ನ್ಯೂಯಾರ್ಕ್ ಟು ಡಲ್ಲಾಸ್' ಅಂತೂ ಕನಿಷ್ಠ ಹತ್ತು ಪುಸ್ತಕ ಓದಿದವರಿಗೆ ಮಾತ್ರ. ಅವಳು ಸಿಕ್ಕ ಊರಿಗೇ ಅವಳು ವಾಪಸ್ ಹೋಗುವ ಕಥೆ ಅದು. ಬೇಗ ಓದಿದರೆ ನಿಮಗೇ ನಷ್ಟ.

ಹಾಗಾದರೆ ಈ ಮೂರರಲ್ಲಿ ಮೊದಲು ಯಾವುದು? ಸರಣಿಗೆ ಹೊಸಬರಾದರೆ 'ಕಾನ್‌ಸ್ಪಿರಸಿ'. ಹಿಂದಿನದು ಗೊತ್ತಿಲ್ಲದಿದ್ದರೂ ಅವಳ ನೋವು ಅರ್ಥವಾಗುತ್ತದೆ.

ಪತ್ತೇದಾರಿಕೆಯೇ ಮುಖ್ಯ, ಪ್ರೀತಿ ಪ್ರೇಮ ಪಕ್ಕಕ್ಕಿರಲಿ ಅನ್ನುವವರು

ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಯಿಂದ ತಂದು ಒಂದೇ ರಾತ್ರಿಗೆ ಮುಗಿಸುತ್ತಿದ್ದ ನಮ್ಮ ದೊಡ್ಡಪ್ಪನಂಥವರಿಗೆ 'ಇಮಿಟೇಶನ್ ಇನ್ ಡೆತ್', 2003. ಚರಿತ್ರೆಯ ಕುಖ್ಯಾತ ಕೊಲೆಗಾರರನ್ನು ಒಬ್ಬೊಬ್ಬರನ್ನಾಗಿ ಅನುಕರಿಸುತ್ತಾ ಹೋಗುವವನೊಬ್ಬ, ಶುರು ಮಾಡುವುದು ಲಂಡನ್ನಿನ ಜ್ಯಾಕ್ ದಿ ರಿಪ್ಪರ್‌ನಿಂದ. ಮುಂದೆ ಯಾರನ್ನು ಅನುಕರಿಸುತ್ತಾನೆ ಅನ್ನೋದನ್ನು ಹಿಡಿಯಬೇಕು. ಇದರಲ್ಲೇ ಈವ್‌ಳ ಸಹಾಯಕಿ ಪೀಬಾಡಿ ಡಿಟೆಕ್ಟಿವ್ ಪರೀಕ್ಷೆ ಬರೆಯುತ್ತಾಳೆ. ನಮ್ಮಲ್ಲಿ ಇಲಾಖಾ ಪರೀಕ್ಷೆ ಬರೆದವರಿಗೆ ಅವಳ ಹೊಟ್ಟೆಯೊಳಗಿನ ತಳಮಳ ಬೇಗ ಅರ್ಥವಾಗುತ್ತದೆ.

ವಿಜ್ಞಾನ ಇಷ್ಟವಿದ್ದರೆ 2005ರ 'ಆರಿಜಿನ್ ಇನ್ ಡೆತ್' ನೋಡಿ, ಹೆಸರಾಂತ ಸರ್ಜನ್ ಒಬ್ಬರ ಕೊಲೆಯಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತದೆ. ನಗು ಬೇಕು ಅಂದರೆ 2006ರ 'ಬಾರ್ನ್ ಇನ್ ಡೆತ್'. ಗೆಳತಿಯ ಹೆರಿಗೆಗೆ ಜೊತೆಗಿರಲು ಒಪ್ಪಿಕೊಂಡು ಗಂಡ ಹೆಂಡತಿ ತರಬೇತಿ ಕ್ಲಾಸಿಗೆ ಹೋಗಿ ಬೆವರುವುದನ್ನು ಓದಿ ರೈಲಿನಲ್ಲಿ ಜೋರಾಗಿ ನಕ್ಕಿದ್ದೇನೆ. ತುಂಬ ಚಿಕ್ಕದು ಬೇಕಾದರೆ 'ಇಂಟರ್‌ಲೂಡ್ ಇನ್ ಡೆತ್' ಅನ್ನೋ ನೀಳ್ಗತೆ ಇದೆ, 2001ರದು, ಭೂಮಿಯಾಚೆಯ ರೆಸಾರ್ಟ್ ಒಂದರಲ್ಲಿ ನಡೆಯುವ ಪೊಲೀಸ್ ಸಮ್ಮೇಳನದ ಕಥೆ. ರುಚಿ ನೋಡಲು ಪರವಾಗಿಲ್ಲ, ಹೊಟ್ಟೆ ತುಂಬಲ್ಲ.

ಭವಿಷ್ಯದ ಕಥೆ ಅಂದರೆ ಬರೀ ಯಂತ್ರಗಳೇ ಇರುತ್ತವಾ ಅಂತ ಆಂಟಿ ಕೇಳಿದರು. ಇಲ್ಲ. ಮೇಲಕ್ಕೇಳುವ ಕಾರು, ಮನೆಗೆಲಸದ ಡ್ರಾಯ್ಡ್, ಗುಂಡಿ ಒತ್ತಿದರೆ ಊಟ ಕೊಡುವ ಆಟೋಷೆಫ್, ಮುಖ ನೋಡಿ ಮಾತಾಡುವ ಲಿಂಕ್ ಅನ್ನೋ ಫೋನು ಎಲ್ಲ ಇವೆ, ಆದರೆ ಅವು ಮನೆಯ ಸಾಮಾನಿನ ಹಾಗೆ ಇರುತ್ತವೆ, ವಿವರಣೆ ಕೊಡುತ್ತಾ ಕೂರಲ್ಲ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ಕ್ಕೆ. ಅದೇ ವರ್ಷ ಬಂದ ಪುಸ್ತಕದಲ್ಲಿ ಜೇಬಿನಲ್ಲಿ ವೀಡಿಯೊ ಫೋನ್ ಇಟ್ಟುಕೊಂಡು ಓಡಾಡುವ ಪೊಲೀಸಳು ಇದ್ದಾಳೆ ಅನ್ನೋದು ಈಗ ಓದುವಾಗ ಮೈ ಜುಮ್ಮೆನ್ನಿಸುತ್ತದೆ. ಹಾಗಂತ 2058 ಬಂದರೂ ಹೆಂಡತಿಗೆ ಆಫೀಸಿನಿಂದ ಬರುವುದು ತಡವಾಗುತ್ತದೆ, ತಿಂದಿದ್ದೀಯಾ ಅಂತ ಗಂಡ ಕೇಳುತ್ತಾನೆ.

ಕೊಳ್ಳುವ ಮೊದಲು ಇದನ್ನೂ ನೋಡಿ

ಇವು ದೊಡ್ಡವರ ಪುಸ್ತಕಗಳು. ಹಾಸಿಗೆಯ ಪ್ರಸಂಗಗಳನ್ನು ಬಿಡಿಸಿಯೇ ಬರೆದಿದ್ದಾರೆ, ಮೊದಲ ಪುಸ್ತಕಗಳಲ್ಲಂತೂ ಜಾಸ್ತಿ. ಮಕ್ಕಳ ಮೇಲಿನ ಲೈಂಗಿಕ ಹಿಂಸೆಯ ನೆನಪುಗಳು ಈವ್‌ಳ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತವೆ. ಇದನ್ನು ತಡೆದುಕೊಳ್ಳಲು ಆಗದವರು ದಯವಿಟ್ಟು ಈ ಸರಣಿಗೆ ಬರಬೇಡಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ನಾಲ್ಕನೆಯ ಪುಸ್ತಕ, 1996ರ 'ರ‍್ಯಾಪ್ಚರ್ ಇನ್ ಡೆತ್', ಮಧುಚಂದ್ರದಿಂದ ಶುರುವಾಗುತ್ತದೆ, ಮದುವೆಯ ನಂತರದ ಮೊದಲ ಕಥೆ ಅಂತ ಅನೇಕರು ಅದನ್ನೇ ಹಿಡಿಯುತ್ತಾರೆ. ಅದರಲ್ಲಿ ಗಂಡ ಹೆಂಡತಿಯ ನಡುವೆ ಒಂದು ಒರಟು ಪ್ರಸಂಗ ಇದೆ. ಅದಕ್ಕೆ ಕಥೆಯೊಳಗೆ ಕಾರಣ ಕೊಟ್ಟಿದ್ದಾರೆ, ಆದರೂ ನನಗೆ ಇವತ್ತಿಗೂ ಕಸಿವಿಸಿ. ಮೊದಲಿಗೆ ಅದು ಬೇಡ.

ನಾನು ಎಲ್ಲವನ್ನೂ ಓದಿದ್ದು ಇಂಗ್ಲಿಷಿನಲ್ಲೇ. ಭಾಷೆ ಕಷ್ಟವಿಲ್ಲ, ವಾಕ್ಯ ಚಿಕ್ಕವು, ಮಾತುಕತೆ ಜಾಸ್ತಿ. ಮೊದಲ ಐವತ್ತು ಪುಟ ಹೆಸರುಗಳು ತಲೆಗೆ ಹತ್ತಲ್ಲ, ಆಮೇಲೆ ಸಲೀಸು. ಹಳೇ ಪುಸ್ತಕದಂಗಡಿಯಲ್ಲಿ ತೆಗೆದುಕೊಳ್ಳುವವರು ಕೊನೆಯ ಪುಟ ಇದೆಯಾ ಅಂತ ಮೊದಲು ನೋಡಿ. ನಾನು ಒಂದು ಅಂಗಡಿಯಲ್ಲಿ ಕೊಂಡ ಪ್ರತಿಯಲ್ಲಿ ಕೊನೆಯ ಹದಿನೈದು ಪುಟ ಇರಲಿಲ್ಲ. ಕೊಲೆಗಾರನ ಬಾಗಿಲು ತಟ್ಟಿದ ಕಡೆಗೆ ಪುಸ್ತಕ ಮುಗಿದಿತ್ತು, ವಾಪಸ್ ತಗೊಳ್ಳಲ್ಲ ಅಂದರು. ಅಡುಗೆ ಮಾಡುತ್ತಾ ಕೇಳುವವರಿಗೆ ಆಡಿಯೊ ಪುಸ್ತಕಗಳಿವೆ. ಓದಿರುವವರು ಸೂಸನ್ ಎರಿಕ್ಸನ್. ರೋರ್ಕ್‌ನ ಐರಿಶ್ ಧಾಟಿಯನ್ನು ಅವರು ಎಷ್ಟು ಚಂದ ಹಿಡಿದಿದ್ದಾರೆ ಅಂದರೆ, ಓದಿ ಮುಗಿಸಿದ್ದನ್ನೇ ಮತ್ತೆ ಹಾಕಿಕೊಂಡು ಕೇಳುತ್ತೇನೆ. ಆದರೆ ಮೊದಲ ಓದಿಗೆ ಪುಸ್ತಕವೇ ಸರಿ. ಸಾಕ್ಷಿಗಳು ತುಂಬ ಇರುತ್ತಾರೆ, ಹಿಂದಿನ ಪುಟ ತಿರುಗಿಸಿ ನೋಡಬೇಕಾಗುತ್ತದೆ.

ಕೊನೆಗೆ ನಾನು ಹೀಗೆ ಹಂಚಿದೆ. ನಾದಿನಿಗೆ ಮೊದಲ ಮೂರು, ರೋರ್ಕ್ ಜೊತೆ ಜಗಳ ಆಡಲು ಅವಳಿಗೆ ಸಮಯ ಇದೆ. ಗೆಳತಿಗೆ ಈ ಸಲ 'ಕಾನ್‌ಸ್ಪಿರಸಿ'. ಮಂಡ್ಯ ಸ್ಟೇಷನ್ನಿನಲ್ಲಿ ಇಳಿಯುವಾಗಲೂ ಬೆರಳು ಪುಟದೊಳಗೇ ಇತ್ತು, ಮೆಟ್ಟಿಲು ನೋಡಿಕೊಂಡು ಇಳಿಯೇ ಅಂತ ನಾನೇ ಹೇಳಬೇಕಾಯಿತು. ಆಂಟಿಗೆ 'ಸರ್ವೈವರ್'. ಅವರು ತ್ರಿವೇಣಿಯವರ ಕಾದಂಬರಿ, ಸುಧಾ ಧಾರಾವಾಹಿ ಓದಿಕೊಂಡು ಬಂದವರು, ಇಂಗ್ಲಿಷ್ ಆಗುತ್ತೋ ಇಲ್ವೋ ಅಂತ ನನಗೆ ಅಳುಕಿತ್ತು. ಮೊನ್ನೆ ರಾತ್ರಿ ಹತ್ತೂವರೆಗೆ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ, ಪುಸ್ತಕ ಎದೆಗೆ ಒತ್ತಿಕೊಂಡು ನಿಂತಿದ್ದರು. "ಆ ಮಗೂನ ಕೊನೆಗೆ ಯಾರು ಇಟ್ಕೋತಾರೆ, ಅದೊಂದು ಹೇಳಿಬಿಡು, ನಿದ್ದೆ ಬರ್ತಿಲ್ಲ" ಅಂದರು.

ನಾನು ಹೇಳಲಿಲ್ಲ.